ಹೊಕ್ಕುಳಲ್ಲಿ ಅಡಗಿದ ಗಾಯ

ಮಕ್ಕಳೇ, ಒಂದು ಒಗಟು. ನಿಮ್ಮ ಮೈಮೇಲೂ ಇದೆ, ನಿಮ್ಮ ಅಜ್ಜನ ಮೈಮೇಲೂ ಇದೆ. ಹುಟ್ಟಿದ ಹೊಸತರಲ್ಲೇ ಆದ ಗುರುತು, ಆದರೆ ಅದು ಆದದ್ದು ಯಾರಿಗೂ ನೆನಪಿಲ್ಲ. ಏನದು?

ಹೊಕ್ಕುಳು! ತಾಯಿಯ ಹೊಟ್ಟೆಯಲ್ಲಿದ್ದಾಗ ನಮಗೆ ಆಹಾರ ಬರುತ್ತಿದ್ದ ಬಳ್ಳಿ ಒಣಗಿ ಬಿದ್ದ ಮೇಲೆ ಉಳಿದ ಕಲೆ ಅದು. ಈಗಿನ ಶಸ್ತ್ರವೈದ್ಯರು ಆ ಹಳೆಯ ಕಲೆಯ ಸುಕ್ಕಿನೊಳಗೆ ಹೊಸ ಗಾಯವನ್ನು ಅಡಗಿಸಲು ಕಲಿತಿದ್ದಾರೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆಯನ್ನೂ ಕೆಲವರಿಗೆ ಹಾಗೆ ಒಂದೇ ಗಾಯದಲ್ಲಿ ಮಾಡುತ್ತಾರೆ. ನನಗೆ ಇದರ ಪರಿಚಯವಾದದ್ದು ನನ್ನ ಸೋದರಳಿಯನಿಂದ.

ನಮ್ಮ ತಲ್ಲೂರಿನಿಂದ, ಸುತ್ತಲಿನ ಊರುಗಳಿಂದ ಬೆಂಗಳೂರಿಗೆ ಹೋಗಿ ಹೋಟೆಲು ನಡೆಸುವವರು ಬಹಳ. ಅಳಿಯನೂ ಅವರಲ್ಲೊಬ್ಬ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಕೆಲಸ. ನಲವತ್ತೆರಡನೇ ವಯಸ್ಸಿಗೆ 118 ಕಿಲೋ ತೂಗುತ್ತಿದ್ದ. ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗುತ್ತಿರಲಿಲ್ಲ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿತ್ತು. ಪಥ್ಯ, ನಡಿಗೆ ಎಲ್ಲವನ್ನೂ ವರ್ಷಗಟ್ಟಲೆ ಮಾಡಿ ನೋಡಿದ. ಹತ್ತು ಕಿಲೋ ಇಳಿದರೆ ಹನ್ನೆರಡು ಏರುತ್ತಿತ್ತು. ಕೊನೆಗೆ ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತಿದರು.

ನನ್ನ ತಂಗಿ ಗಾಬರಿಯಾಗಿ ಫೋನು ಮಾಡಿದಳು. "ಅಣ್ಣ, ದೇವರು ಕೊಟ್ಟ ಹೊಟ್ಟೆಯನ್ನು ಕೊಯ್ಯುವುದಾ? ನೀನಾದರೂ ಹೇಳು ಅವನಿಗೆ." ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಅಂಕಿ ನೋಡದೆ ಮಾತಾಡಲು ಬರುವುದಿಲ್ಲ. ಪೆನ್ನು ಹಿಡಿದು ಕುಳಿತೆ.

ತೂಕವನ್ನು ಎತ್ತರದೊಡನೆ ಹೋಲಿಸುವ ಲೆಕ್ಕವನ್ನು 1832ರಲ್ಲಿ ಕೊಟ್ಟವನು ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ. ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರು ಬಂದದ್ದು 1972ರಲ್ಲಿ. ತೂಕವನ್ನು ಕಿಲೋದಲ್ಲಿ ಬರೆದು, ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಬೇಕು. ಅಳಿಯನ ಎತ್ತರ 1.68 ಮೀಟರು. 118ನ್ನು ಎರಡು ಸಲ ಭಾಗಿಸಿದರೆ ಸುಮಾರು 41.8. ನಮ್ಮ ದೇಶದವರಿಗೆ 23ರ ಒಳಗಿದ್ದರೆ ಒಳ್ಳೆಯದು, 25 ದಾಟಿದರೆ ಬೊಜ್ಜು ಎಂದು ವೈದ್ಯರು ಹೇಳುತ್ತಾರೆ. ಶಾಲೆಯ ಮಕ್ಕಳು ಮಾತ್ರ ಈ ಅಂಕಿಗಳನ್ನು ತಮಗೆ ಹಚ್ಚಿಕೊಳ್ಳಬಾರದು. ಬೆಳೆಯುವ ಮಕ್ಕಳಿಗೆ ವಯಸ್ಸಿಗೆ ತಕ್ಕ ಬೇರೆ ಪಟ್ಟಿ ಇದೆ.

ಆರೋಗ್ಯ ವಿಮೆಯ ನಿಯಮವನ್ನೂ ಹುಡುಕಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ವೈದ್ಯರ ಸಲಹೆಯಿದ್ದು, ವಯಸ್ಸು 18 ತುಂಬಿ, ಈ ಅಂಕಿ 40 ಮುಟ್ಟಿರಬೇಕಿತ್ತು. ಅಥವಾ 35 ಮುಟ್ಟಿ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ನಿದ್ದೆಯಲ್ಲಿ ಉಸಿರು ನಿಲ್ಲುವ ತೀವ್ರ ತೊಂದರೆ ಇಂಥವು ಯಾವುದಾದರೂ ಇದ್ದು, ಬೇರೆ ದಾರಿಗಳು ಫಲಿಸದೆ ಹೋಗಿರಬೇಕಿತ್ತು. ಅಂದರೆ ಇದು ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಯಲ್ಲ, ಕಾಯಿಲೆಗೆ ಮಾಡುವ ಚಿಕಿತ್ಸೆ.

ಇಲ್ಲೊಂದು ಗೊಂದಲ ಹಲವರಿಗಿದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ನಟಿಯೊಬ್ಬರು 21ನೇ ವಯಸ್ಸಿನಲ್ಲೇ ತೀರಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ತಂಗಿಯ ಹೆದರಿಕೆಗೂ ಅದೇ ಮೂಲ. ಆದರೆ ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವುದು ಬೇರೆ, ಜಠರದ ಶಸ್ತ್ರಚಿಕಿತ್ಸೆ ಬೇರೆ. ಮೊದಲನೆಯದು ಆಕಾರ ತಿದ್ದಲು, ಎರಡನೆಯದು ಹಸಿವನ್ನೂ ಊಟದ ಅಳತೆಯನ್ನೂ ತಗ್ಗಿಸಲು. ಎರಡರಲ್ಲೂ ಅಪಾಯವಿದೆ ಎಂಬುದೂ ನಿಜ.

ಜಠರಕ್ಕೆ ಏನು ಮಾಡುತ್ತಾರೆ? ಒಂದು ಲೀಟರಿಗೂ ಹೆಚ್ಚು ಹಿಡಿಸುವ ಚೀಲದಂಥ ಅಂಗ ಅದು. ಸ್ಲೀವ್ ಎಂಬ ವಿಧಾನದಲ್ಲಿ ಅದರ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ, ಒಂದು ಸಣ್ಣ ಲೋಟ ಚಹಾ ಹಿಡಿಸುವಷ್ಟು. ಕತ್ತರಿಸುತ್ತಲೇ ಹೊಲಿಯುತ್ತಾ ಹೋಗುವ ಸ್ಟೇಪ್ಲರ್ ಉಪಕರಣವಿದೆ. ಮೊದಲು ಇದನ್ನು ತುಂಬಾ ತೂಕದವರಿಗೆ ದೊಡ್ಡ ಶಸ್ತ್ರಚಿಕಿತ್ಸೆಯ ಮೊದಲ ಕಂತಾಗಿ ಮಾಡುತ್ತಿದ್ದರು. ಮೊದಲ ಕಂತಿನಲ್ಲೇ ಅನೇಕರ ತೂಕ ಚೆನ್ನಾಗಿ ಇಳಿದದ್ದು ಕಂಡು, ಅದೇ ಒಂದು ಪೂರ್ಣ ಚಿಕಿತ್ಸೆಯಾಯಿತು. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ರಸವನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಅದು ಹೆಚ್ಚಾಗಿ ಹುಟ್ಟುವುದು ಈ ಕತ್ತರಿಸಿ ತೆಗೆಯುವ ಭಾಗದಲ್ಲೇ.

ಹಿಂದೆಲ್ಲ ಇಂಥ ಕೆಲಸಕ್ಕೆ ಹೊಟ್ಟೆಯನ್ನು ಗೇಣುದ್ದ ಸೀಳಬೇಕಿತ್ತು. ಸಣ್ಣ ತೂತಿನಿಂದ ಒಳಗೆ ಇಣುಕುವ ಯೋಚನೆ ಜರ್ಮನಿಯ ಗೇಯಾರ್ಗ್ ಕೆಲಿಂಗ್‌ಗೆ ಬಂತು. 1901ರಲ್ಲಿ ಆತ ನಾಯಿಯೊಂದರ ಹೊಟ್ಟೆಯೊಳಗೆ ಕೊಳವೆ ಇಳಿಸಿ ತೋರಿಸಿದ. 1910ರಲ್ಲಿ ಸ್ವೀಡನ್ನಿನ ಯಾಕೋಬೇಯಸ್ ಮನುಷ್ಯರಲ್ಲಿ ನೋಡಿದ. 1980ರಲ್ಲಿ ಜರ್ಮನಿಯ ಕುರ್ಟ್ ಜೆಮ್ ಹೀಗೆಯೇ ಅಪೆಂಡಿಕ್ಸ್ ತೆಗೆದ. ಇಂಥ ಹುಚ್ಚು ಸಾಹಸಗಳಿಗಾಗಿ ಮೆದುಳಿನ ಪರೀಕ್ಷೆ ಮಾಡಿಸಿಕೋ ಎಂದು ಜೊತೆಯ ವೈದ್ಯರೇ ಅವನಿಗೆ ಹೇಳಿದ್ದರಂತೆ! ಅದೇ ದೇಶದ ಎರಿಕ್ ಮ್ಯೂಹೆ 1985ರಲ್ಲಿ ಪಿತ್ತಕೋಶ ತೆಗೆದ. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅದನ್ನು ಮೊದಲು ಮಾಡಿದರು. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಡೇರೆಯಂತೆ ಉಬ್ಬಿಸಿ, ಒಂದು ತೂತಿನಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉಪಕರಣ ಇಳಿಸುತ್ತಾರೆ. ಆ ಅನಿಲ ಬೆಂಕಿ ಹಿಡಿಯುವುದಿಲ್ಲ, ಒಳಗೆ ಉಳಿದರೂ ರಕ್ತ ಅದನ್ನು ಹೀರಿಕೊಂಡು ಉಸಿರಿನಲ್ಲಿ ಹೊರಹಾಕುತ್ತದೆ.

ನಾಲ್ಕೈದು ತೂತುಗಳನ್ನು ಒಂದಕ್ಕೆ ಇಳಿಸುವ ಪ್ರಯತ್ನ ಆಮೇಲೆ ನಡೆಯಿತು. 1997ರಲ್ಲಿ ಇಟಲಿಯ ವೈದ್ಯರು ಒಂದೇ ಗಾಯದಿಂದ ಪಿತ್ತಕೋಶ ತೆಗೆದ ಬಗೆಯನ್ನು ಪ್ರಕಟಿಸಿದರು. 2008ರ ಸುಮಾರಿಗೆ ಜಠರದ ಸ್ಲೀವ್ ಕೂಡ ಹಾಗೆ ಆಯಿತು.

ಕೇಳಲು ಸುಲಭ, ಮಾಡಲು ಕಷ್ಟ. ಸಣ್ಣ ಬಾಯಿಯ ಗಡಿಗೆಯೊಳಗೆ ಒಟ್ಟಿಗೆ ಮೂರು ಸೌಟು ಆಡಿಸಿ ನೋಡಿ, ಒಂದಕ್ಕೊಂದು ಬಡಿಯುತ್ತವೆ. ಹೊಕ್ಕುಳಿನಿಂದ ಜಠರದ ಮೇಲ್ತುದಿಗೆ ದೂರವೂ ಹೆಚ್ಚು, ಮೇಲೆ ಯಕೃತ್ತು ಅಡ್ಡ. ತೀರಾ ಎತ್ತರದವರಿಗೆ, ತೀರಾ ದಪ್ಪಗಿರುವವರಿಗೆ ಇದು ಹೊಂದುವುದಿಲ್ಲ. ಒಂದೇ ಗಾಯ ಸ್ವಲ್ಪ ಅಗಲವಾಗಿರುವುದರಿಂದ ಮುಂದೆ ಅಲ್ಲಿ ಹರ್ನಿಯಾ ಆಗುವ ಭಯವೂ ಇದೆ. ಹಾಗಾಗಿ ಹೆಚ್ಚಿನ ಕಡೆ ಈಗಲೂ ನಾಲ್ಕೈದು ತೂತುಗಳ ವಿಧಾನವೇ ರೂಢಿ. ಬೇಕೆನಿಸಿದರೆ ನಡುವೆಯೇ ಇನ್ನೊಂದು ತೂತು ಮಾಡುವ ವೈದ್ಯರೇ ಜಾಣರು. ಹೊರಗೆ ಎಷ್ಟೇ ತೂತಿರಲಿ, ಒಳಗಿನ ಹೊಲಿಗೆ ಅಷ್ಟೇ ಉದ್ದ. ಅದು ಸೋರಬಹುದು, ರಕ್ತ ಹೋಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು.

ಅಳಿಯ ಇದನ್ನೆಲ್ಲ ವೈದ್ಯರಿಂದ ಕೇಳಿ ತಿಳಿದೇ ಒಪ್ಪಿದ. ಚಿಕಿತ್ಸೆ ಸುಸೂತ್ರವಾಯಿತು. ಒಂದು ವರ್ಷದಲ್ಲಿ 34 ಕಿಲೋ ಇಳಿದ. ಸಕ್ಕರೆಯ ಮಾತ್ರೆ ಅರ್ಧವಾಯಿತು.

ಊರಿಗೆ ಬಂದಾಗ ಎಲ್ಲರಿಗೂ ಬೆರಗು. "ಎಂತ ಮಾಡಿದೆ ಮಾರಾಯ?" ಎಂದು ಕೇಳಿದವರಿಗೆಲ್ಲ, "ರಾತ್ರಿ ಊಟ ಬಿಟ್ಟೆ, ಬೆಳಿಗ್ಗೆ ನಡೆದೆ" ಎನ್ನುತ್ತಿದ್ದ. ಆಪರೇಷನ್ ಎಂದರೆ ಜನ ಆಡಿಕೊಳ್ಳುತ್ತಾರೆಂಬ ಸಂಕೋಚ. ಕಲೆ ಕಾಣದ ಕಾರಣ ಆ ಮಾತು ನಿಂತೂಬಿಟ್ಟಿತು.

ಅದನ್ನು ಮನಸ್ಸಿಗೆ ತೆಗೆದುಕೊಂಡವಳು ಒಂಬತ್ತನೇ ತರಗತಿಯ ನನ್ನ ಮೊಮ್ಮಗಳು. ಸ್ವಲ್ಪ ಗುಂಡಗಿದ್ದಾಳೆ. ತರಗತಿಯಲ್ಲಿ ಅವಳಿಗೊಂದು ಅಡ್ಡ ಹೆಸರಿಟ್ಟಿದ್ದರು. ರಾತ್ರಿ ಹಸಿವಿಲ್ಲ ಎಂದು ಮಲಗತೊಡಗಿದಳು. ಮೂರನೇ ವಾರ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ತಲೆ ತಿರುಗಿ ಬಿದ್ದಳು. ವಿಚಾರಿಸಿದಾಗ ಹೇಳಿದ್ದು ಒಂದೇ ಮಾತು: "ಮಾವನಿಗೆ ಆಯಿತಲ್ಲ?"

ಫೋನಿನಲ್ಲಿ ವಿಷಯ ಕೇಳಿದ ಅಳಿಯ ಆ ರಾತ್ರಿಯ ಬಸ್ಸಿಗೇ ಹೊರಟು ಬಂದ. ನಮ್ಮ ಜಗಲಿಯಲ್ಲಿ ಅವಳನ್ನು ಎದುರು ಕೂರಿಸಿಕೊಂಡು, ಅಂಗಿ ಎತ್ತಿ ಹೊಕ್ಕುಳು ತೋರಿಸಿದ.

"ಗಾಯ ಎಲ್ಲಿತ್ತ್ ಮಾವ? ಕಾಣ್ತಿಲ್ಲೆ" ಎಂದಳು.

"ಕಾಣದ ಹಾಗೆ ಮಾಡಿದ್ದಾರೆ. ಒಳಗಿದೆ" ಎಂದು ಎಲ್ಲವನ್ನೂ ಹೇಳಿದ. ದಿನವೂ ನುಂಗುವ ವಿಟಮಿನ್ ಮಾತ್ರೆಗಳನ್ನು ತೋರಿಸಿದ. ಒಂದು ಇಡ್ಲಿಯನ್ನು ಇಪ್ಪತ್ತು ನಿಮಿಷ ತಿನ್ನುವುದು, ಊಟದ ಜೊತೆ ನೀರು ಕುಡಿಯದಿರುವುದು, ಬಿ12 ಮತ್ತು ಕಬ್ಬಿಣದಂಶಕ್ಕಾಗಿ ರಕ್ತ ಪರೀಕ್ಷೆ, ಯಾವುದನ್ನೂ ಮುಚ್ಚಿಡಲಿಲ್ಲ. "ನಾನು ಸುಳ್ಳು ಹೇಳಿದ್ದು ನನ್ನ ನಾಚಿಕೆಗೆ. ನಿನಗೆ ಈ ಆಪರೇಷನ್ನೂ ಬೇಡ, ಉಪವಾಸವೂ ಬೇಡ. ಬೆಳೆಯುವ ಹುಡುಗಿ ನೀನು" ಎಂದ. ಮರುದಿನ ಅವಳನ್ನು ಮಕ್ಕಳ ವೈದ್ಯರಿಗೆ ತೋರಿಸಿದೆವು. ಹೊತ್ತಿಗೆ ಸರಿಯಾದ ಊಟ, ಬಾಟಲಿ ಪಾನೀಯಕ್ಕೆ ರಜೆ, ಸಂಜೆ ಆಟ, ಇಷ್ಟೇ ಅವರು ಹೇಳಿದ್ದು. ಅಡ್ಡ ಹೆಸರಿನ ವಿಷಯವನ್ನು ಅವಳಪ್ಪ ಟೀಚರ ಹತ್ತಿರ ಮಾತಾಡಿದ.

ನನ್ನ ವಯಸ್ಸಿನ ಅಜ್ಜ ಅಜ್ಜಿಯರಿಗೆ ಒಂದು ಮಾತು. ನಮ್ಮ ಕಡೆ ಬಡಿಸುವವರಿಗೆ ಉಪಚಾರ ಜಾಸ್ತಿ. ಕಳೆದ ಗೃಹಪ್ರವೇಶದ ಊಟದಲ್ಲಿ ಅಳಿಯ ಎಲೆಗೆ ಕೈ ಅಡ್ಡ ಹಿಡಿದರೂ ಹೋಳಿಗೆ ಬಿತ್ತು. ದಾಕ್ಷಿಣ್ಯಕ್ಕೆ ತಿಂದವನು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡ. ಯಾರ ಹೊಟ್ಟೆಯೊಳಗೆ ಏನಿದೆ ಎಂದು ನಮಗೆ ಗೊತ್ತಿರುವುದಿಲ್ಲ. ಸಾಕು ಎಂದವರಿಗೆ ಸಾಕು. ದಪ್ಪಗಿರುವ ಮಗುವಿನ ಎಲೆ ನೋಡಿ "ಇನ್ನೂ ಬೇಕಾ?" ಎಂದು ನಗುವುದೂ ಅಷ್ಟೇ ಕೆಟ್ಟದ್ದು.

ಮೊಮ್ಮಗಳು ಈಗ ರಾತ್ರಿ ಎಲ್ಲರ ಜೊತೆ ಗಂಜಿ, ಪಲ್ಯ ಉಣ್ಣುತ್ತಾಳೆ. ಸಂಜೆ ತ್ರೋಬಾಲ್ ಆಡುತ್ತಾಳೆ. ಅಳಿಯ ಊರಿಗೆ ಬಂದರೆ, ಬಡಿಸಲು ಬಂದವರಿಗೆ "ಮಾವನಿಗೆ ಅರ್ಧ ಸೌಟು ಸಾಕು" ಎಂದು ಹೇಳುವ ಕೆಲಸವೂ ಅವಳದೇ.