ಕಳ್ಳಖಾನೆಯ ಪೆಟ್ಟಿಗೆ

ಯಲವಿಗಿಯ ನಮ್ಮ ಮನೆಯಲ್ಲಿ ಅಜ್ಜನವರ ಕಾಲದ ಸಾಗವಾನಿಯ ಪೆಟ್ಟಿಗೆಯೊಂದುಂಟು. ಅದರ ಮುಖದ ಮೇಲೆ ಬಣ್ಣಬಣ್ಣದ ಕಟ್ಟಿಗೆಯ ಚೂರುಗಳಿಂದ ಕೂರಿಸಿದ ಐದು ಹೂಗಳಿವೆ. ಅದರ ಕಥೆಗೆ ಮೊದಲು, ಈ ವಿದ್ಯೆಯು ಅತ್ಯುನ್ನತಿಗೇರಿದ ದೇಶಗಳತ್ತ ವಾಚಕರನ್ನು ಕೊಂಚ ಕರೆದೊಯ್ಯುವೆವು.

ಫ್ರಾನ್ಸಿನ ಹದಿನೈದನೆಯ ಲೂಯಿ ಅರಸನಿಗಾಗಿ ಓಬೆನ್ ಎಂಬ ಶಿಲ್ಪಿಯು 1760ರಲ್ಲಿ ಬರೆಯುವ ಮೇಜೊಂದನ್ನು ಆರಂಭಿಸಿದನು. ಅವನು 1763ರಲ್ಲಿ ತೀರಿಕೊಳ್ಳಲು, ರೀಸನೇರನು 1769ರಲ್ಲಿ ಅದನ್ನು ಮುಗಿಸಿದನು. ಒಂದೇ ಕೀಲಿಯನ್ನು ತಿರುವಿದರೆ ಸುರುಳಿಯ ಮುಚ್ಚಳವೂ ಖಾನೆಗಳೂ ಒಟ್ಟಿಗೆ ಬಂಧಿಸಲ್ಪಡುವವು. ಸೇವಕರು ಮಸಿ ತುಂಬಲು ಪಕ್ಕದಲ್ಲಿ ಬೇರೆ ದಾರಿ; ಅರಸನ ಕಾಗದಗಳ ಗೊಡವೆ ಅವರಿಗಿಲ್ಲ! ಜರ್ಮನಿಯ ದಾವಿದ್ ರೋಂಟ್ಗೆನ್ನನು 1779ರಲ್ಲಿ ಮಾಡಿದ ಎರಡಾಳೆತ್ತರದ ಕಪಾಟು ಬರ್ಲಿನ್ನಿನಲ್ಲಿದೆ. ಅದರಲ್ಲಿ ಕೀಲಿ ತಿರುವಿದೊಡನೆ ಅಡಗಿದ ಖಾನೆಗಳು ತಾವಾಗಿಯೇ ಹೊರಬರುವವು.

ಮಾರ್ಕೆಟ್ರಿ ಎಂಬ ಈ ಕೆಲಸದಲ್ಲಿ ತೆಳುವಾದ ಮರದ ಹಾಳೆಗಳನ್ನು ಸಣ್ಣ ಗರಗಸದಿಂದ ಕೊರೆದು, ಕಾದ ಮರಳಿನಲ್ಲಿ ಅಂಚನ್ನು ಕಂದಿಸಿ ನೆರಳು ತಂದು, ಮೇಲ್ಮೈಗೆ ಸರೇಸಿನಿಂದ ಅಂಟಿಸುವರು. ಮೈಸೂರಿನವರ ರೀತಿ ಬೇರೆ. ಅವರು ಗಟ್ಟಿ ಬೀಟೆಯಲ್ಲಿಯೇ ಗುಳಿ ತೋಡಿ ಚಿತ್ರದ ತುಂಡುಗಳನ್ನು ಕೂರಿಸುವರು; 1912ರಲ್ಲಿ ಪೂರ್ಣವಾದ ಅರಮನೆಯ ಅಂಬಾವಿಲಾಸದ ಬಾಗಿಲಿನಲ್ಲಿ ಹೀಗೆ ದಂತವನ್ನು ಕೂರಿಸಿದ್ದಾರೆ. ದಂತವು ನಿಷಿದ್ಧವಾದ ಮೇಲೆ ಬಿಳಿಯ ವಸ್ತುಗಳು ಬೇರೆ ಬಂದಿವೆ. ರೀತಿ ಯಾವುದಾದರೂ ಆಗಲಿ, ಹೂವಿನ ಅಂಚೇ ಖಾನೆಯ ಸಂದನ್ನು ಮರೆಮಾಡಬಲ್ಲುದು.

ನಮ್ಮ ಪೆಟ್ಟಿಗೆಯಲ್ಲಿಯೂ ಹಾಗೆಯೇ. ನಾವು ಹತ್ತು ವರುಷದವರಿದ್ದಾಗ ಅಜ್ಜನವರು ಹಠಾತ್ತನೆ ತೀರಿಕೊಂಡರು. ಹೊಲದ ಅಡವಿನ ಸಾಲವನ್ನು ಅವರು ತೀರಿಸಿದ್ದರೆಂದು ಮನೆಯವರೆಲ್ಲ ಬಲ್ಲರು. ಪಾವತಿ ಮಾತ್ರ ಸಿಕ್ಕದು. ಶ್ರಾವಣದ ಜಡಿಮಳೆಯಲ್ಲಿ ಸಾವುಕಾರರು ಬಾಗಿಲಿಗೆ ಬಂದರು. ಪೆಟ್ಟಿಗೆಯನ್ನು ಒಡೆಯಲು ತೀರ್ಥರೂಪರು ಕೊಡಲಿ ತರಿಸಿದರು. ಮುದುಕ ಬಡಿಗನು ತಡೆದು, ಹೂಗಳ ಮೇಲೆ ಬೆರಳಾಡಿಸಿ, “ಗೌಡರ, ಈ ಎಸಳಿನ ಎಳೆ ಅಡ್ಡ ಹೋಗೇತ್ರಿ” ಎಂದನು. ಒತ್ತಿದರೆ ಒಳಗೆ ಬಿದಿರಿನ ಸೀಳು ಟಕ್ಕೆಂದಿತು. ಆದರೆ ಮಳೆಗೆ ಉಬ್ಬಿದ ಖಾನೆಯು ಕದಲಲಿಲ್ಲ. ಬಿಸಿಲು ಬೀಳುವವರೆಗೆ ಕಾಯಿರೆಂದು ಅವನು ಹೇಳಿದನು. ಸಾವುಕಾರರು ಕಾಯಲಿಲ್ಲ. ತೀರ್ಥರೂಪರು ಒಂದು ಜೊತೆ ಎತ್ತುಗಳನ್ನು ಮಾರಿ ಹಣವನ್ನು ಎರಡನೆಯ ಸಲ ಕೊಟ್ಟರು.

ದೀಪಾವಳಿಯ ಹೊತ್ತಿಗೆ ಖಾನೆ ಸರಾಗವಾಗಿ ಜಾರಿ ಬಂದಿತು. ಪಾವತಿಯು ಅದರಲ್ಲಿಯೇ ಇತ್ತು, ನಾಲ್ಕು ಮಡಿಕೆಯಾಗಿ. ಅಷ್ಟರಲ್ಲಿ ಸಾವುಕಾರರು ಊರನ್ನೇ ಬಿಟ್ಟಿದ್ದರು. ಅಜ್ಜನವರು ಆ ಎಸಳನ್ನು ಯಾರೊಬ್ಬರಿಗಾದರೂ ತೋರಿಸಿದ್ದರೆ ಎತ್ತುಗಳು ಉಳಿಯುತ್ತಿದ್ದವೆಂದು ನಮ್ಮ ತಾಯಿಯವರು ಕೊನೆಯವರೆಗೂ ಅನ್ನುತ್ತಿದ್ದರು.

ಕಳೆದ ದೀಪಾವಳಿಯಂದು ನಾವು ಮಗಳನ್ನೂ ಸೊಸೆಯನ್ನೂ ಪೆಟ್ಟಿಗೆಯ ಮುಂದೆ ಕೂರಿಸಿ, ಇಬ್ಬರಿಂದಲೂ ಎಸಳನ್ನು ಒತ್ತಿಸಿದೆವು. ಸೊಸೆಗೆ ಮೂರನೆಯ ಸಲಕ್ಕೆ ಸಾಧಿಸಿತು.