ಬ್ರೌಸರಿನ ಹೊಸ ಆವೃತ್ತಿ: ಏನನ್ನು ಉಳಿಸಬೇಕು, ಏನನ್ನು ಕೈಬಿಡಬೇಕು?

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರವು ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿರುವ ಊರು. ಮೊಳಕಾಲ್ಮೂರಿನ ರೇಷ್ಮೆ ಸೀರೆ, ಚಳ್ಳಕೆರೆಯ ಶೇಂಗಾ, ಎಣ್ಣೆ ಮತ್ತು ಕಂಬಳಿ ಈ ಭಾಗದ ಹೆಸರಾಂತ ಸರಕುಗಳು. ಇಂತಹ ಸರಕಿನ ವ್ಯಾಪಾರವೂ ಇಂದು ಗಣಕಯಂತ್ರದ ಬ್ರೌಸರನ್ನು ದಾಟಿಕೊಂಡೇ ಸಾಗಬೇಕಾಗಿದೆ. ವ್ಯಾಟ್ ಕಾಲದಲ್ಲಿ ಇ-ಸುಗಮ ಸಂಖ್ಯೆಯನ್ನು ಪಡೆಯಲು ಅದು ಬೇಕಿತ್ತು. 2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿಯ ವಿವರಪಟ್ಟಿ, ಇ-ವೇ ಬಿಲ್, ಸರ್ಕಾರಿ ಟೆಂಡರು, ಬ್ಯಾಂಕಿನ ವಹಿವಾಟುಗಳಿಗೂ ಅದೇ ಬೇಕು.

ಹೀಗಿದ್ದರೂ ಬ್ರೌಸರಿನ ಹೊಸ ಆವೃತ್ತಿಯೊಂದು ಹೇಗೆ ರೂಪುಗೊಳ್ಳುತ್ತದೆ ಎಂಬುದರ ಕಡೆಗೆ ನಮ್ಮ ಗಮನ ಹರಿದಿರುವುದು ಕಡಿಮೆ. ಅದನ್ನು ರೂಪಿಸುವವರು ಕೈಗೊಳ್ಳುವ ಒಂದು ತೀರ್ಮಾನದಿಂದ ದೂರದ ಅಂಗಡಿಯೊಂದರ ಕೆಲಸ ಒಂದು ದಿನದಲ್ಲಿ ನಿಂತುಹೋಗಬಹುದು. ಆದ್ದರಿಂದ ಇದು ತಂತ್ರಜ್ಞರಿಗೆ ಮಾತ್ರ ಬಿಟ್ಟ ವಿಷಯವಲ್ಲ.

ಮಗ್ಗ ಒಂದು, ಸೀರೆ ಹಲವು

ಬ್ರೌಸರಿನಲ್ಲಿ ಎರಡು ಭಾಗಗಳಿವೆ. ಜಾಲತಾಣದಿಂದ ಬಂದ ಸಂಕೇತಗಳನ್ನು ಓದಿ ಅಕ್ಷರ, ಚಿತ್ರ, ಪಟ್ಟಿಗಳಾಗಿ ಪರದೆಯ ಮೇಲೆ ಮೂಡಿಸುವ ಒಳಯಂತ್ರ ಮೊದಲನೆಯದು. ಗುಂಡಿ, ವಿಳಾಸಪಟ್ಟಿ, ಸುರಕ್ಷತೆಯ ಏರ್ಪಾಡುಗಳಿರುವ ಹೊರರೂಪ ಎರಡನೆಯದು. ನೇಕಾರರ ಮಾತಿನಲ್ಲಿ ಹೇಳುವುದಾದರೆ ಒಳಯಂತ್ರವು ಮಗ್ಗ, ಹೊರರೂಪವು ಸೀರೆ. ಅಂಚು, ಸೆರಗುಗಳನ್ನು ಬದಲಿಸಿ ಹೊಸ ಸೀರೆ ನೇಯಬಹುದು. ಆದರೆ ಮಗ್ಗವನ್ನೇ ಹೊಸದಾಗಿ ಕಟ್ಟುವುದು ದೀರ್ಘಕಾಲದ, ಬಹಳ ವೆಚ್ಚದ ಕೆಲಸ.

ಆದ್ದರಿಂದಲೇ ಇಂದು ಪ್ರಚಲಿತವಿರುವ ಪ್ರಮುಖ ಒಳಯಂತ್ರಗಳು ಮೂರೇ: ಗೂಗಲ್ಲಿನ ಬ್ಲಿಂಕ್, ಆಪಲ್ಲಿನ ವೆಬ್‌ಕಿಟ್ ಮತ್ತು ಮೊಜಿಲ್ಲಾದ ಗೆಕೊ. ಒಪೆರಾ ಸಂಸ್ಥೆಯು ತನ್ನ ಸ್ವಂತ ಯಂತ್ರವನ್ನು 2013ರಲ್ಲಿ ಕೈಬಿಟ್ಟು ಗೂಗಲ್ಲಿನ ಮುಕ್ತ ತಂತ್ರಾಂಶವಾದ ಕ್ರೋಮಿಯಮ್ಮನ್ನು ಆಶ್ರಯಿಸಿತು. ಮೈಕ್ರೋಸಾಫ್ಟಿನಂತಹ ಸಂಸ್ಥೆಯೂ ತನ್ನ ಎಡ್ಜ್ ಬ್ರೌಸರನ್ನು 2020ರ ಜನವರಿಯಲ್ಲಿ ಅದೇ ತಳಹದಿಯ ಮೇಲೆ ಹೊಸದಾಗಿ ಹೊರತಂದಿತು.

ನೆಟ್‌ಸ್ಕೇಪ್ ತೆತ್ತ ಬೆಲೆ

ಮಗ್ಗವನ್ನೇ ಬದಲಿಸಹೊರಟು ಮಾರುಕಟ್ಟೆಯಲ್ಲಿ ಸೋತ ಪ್ರಸಿದ್ಧ ಉದಾಹರಣೆ ನೆಟ್‌ಸ್ಕೇಪ್. 1997ರಲ್ಲಿ ನಾಲ್ಕನೆಯ ಆವೃತ್ತಿಯನ್ನು ಹೊರತಂದ ಈ ಸಂಸ್ಥೆಯು, ಮರುವರ್ಷ ಹಳೆಯ ತಂತ್ರಾಂಶವನ್ನು ಬದಿಗಿಟ್ಟು ಎಲ್ಲವನ್ನೂ ಬಹುಮಟ್ಟಿಗೆ ಮೊದಲಿನಿಂದ ಬರೆಯಲು ನಿರ್ಧರಿಸಿತು. ಐದನೆಯ ಆವೃತ್ತಿ ಮಾರುಕಟ್ಟೆಗೆ ಬರಲೇ ಇಲ್ಲ. ಆರನೆಯದು ಬಂದದ್ದು 2000ದ ನವೆಂಬರಿನಲ್ಲಿ. ಅಷ್ಟರಲ್ಲಿ ವಿಂಡೋಸ್ ಜೊತೆಗೆ ಉಚಿತವಾಗಿ ದೊರೆಯುತ್ತಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾರುಕಟ್ಟೆಯನ್ನು ಆವರಿಸಿಕೊಂಡಿತ್ತು. 2008ರ ಮಾರ್ಚ್ 1ರಂದು ನೆಟ್‌ಸ್ಕೇಪಿನ ಬೆಂಬಲ ಕೊನೆಗೊಂಡಿತು. ಆದರೆ ಆ ಶ್ರಮ ಪೂರ್ತಿ ವ್ಯರ್ಥವಾಗಲಿಲ್ಲ. ಅದರಿಂದ ಹುಟ್ಟಿದ ಗೆಕೊ ಯಂತ್ರದ ಮೇಲೆಯೇ 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ ನಿಂತಿತು.

ಗೆದ್ದವರು ಕೈಕಟ್ಟಿ ಕುಳಿತರೂ ನಷ್ಟವೇ. 2001ರಲ್ಲಿ ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿ ಬಂದ ಮೇಲೆ ಏಳನೆಯದಕ್ಕಾಗಿ ಗ್ರಾಹಕರು ಐದು ವರ್ಷ ಕಾಯಬೇಕಾಯಿತು. ಆ ಅಂತರದಲ್ಲಿ ಫೈರ್‌ಫಾಕ್ಸ್ ಬೆಳೆಯಿತು. 2008ರ ಸೆಪ್ಟೆಂಬರಿನಲ್ಲಿ ಕ್ರೋಮ್ ಕೂಡ ಬಂದಿತು.

ಬೆಂಗಳೂರಿನ ಎಪಿಕ್

ಈ ಕ್ಷೇತ್ರದಲ್ಲಿ ನಮ್ಮ ರಾಜ್ಯದ ಒಂದು ಅನುಭವವೂ ಉಂಟು. ಆಲೋಕ್ ಭಾರದ್ವಾಜ್ ಅವರು ಸ್ಥಾಪಿಸಿದ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಸಂಸ್ಥೆಯು 2010ರ ಜುಲೈನಲ್ಲಿ 'ಎಪಿಕ್' ಎಂಬ ಬ್ರೌಸರನ್ನು ಬಿಡುಗಡೆ ಮಾಡಿತು. ಅದರ ತಳಹದಿ ಮೊಜಿಲ್ಲಾದ ತಂತ್ರಾಂಶ. ಭಾರತೀಯರಿಗಾಗಿಯೇ ರೂಪಿಸಿದ ಬ್ರೌಸರೆಂಬುದು ಅದರ ಹೆಗ್ಗಳಿಕೆ. ಭಾರತೀಯ ಭಾಷೆಗಳಲ್ಲಿ ಬರೆಯುವ ಅನುಕೂಲ, ವೈರಸ್ ತಡೆ, ಸುದ್ದಿ, ದೇಶೀಯ ಚಿತ್ತಾರದ ಅಲಂಕಾರಗಳು ಎಲ್ಲವೂ ಪಕ್ಕಪಟ್ಟಿಯಲ್ಲಿಯೂ ಒಳಭಾಗದಲ್ಲಿಯೂ ಸೇರಿದ್ದವು. ಒಂದೇ ಮಳಿಗೆಯಲ್ಲಿ ಕಿರಾಣಿ, ಬಟ್ಟೆ, ಪಾತ್ರೆಗಳನ್ನೆಲ್ಲ ಜೋಡಿಸಿಟ್ಟಂತಹ ಏರ್ಪಾಡು ಅದು.

ಮೂರು ವರ್ಷಗಳ ನಂತರ, 2013ರ ಆಗಸ್ಟಿನಲ್ಲಿ, ಅದೇ ಹೆಸರಿನ ಹೊಸ ಬ್ರೌಸರ್ ಹೊರಬಂದಿತು. ತಳಹದಿ ಈಗ ಕ್ರೋಮಿಯಮ್. ಗುರಿ ಬಳಕೆದಾರರ ಗೋಪ್ಯತೆ ಒಂದೇ. ನೋಡಿದ ತಾಣಗಳ ದಾಖಲೆಯನ್ನು ಅದು ಉಳಿಸುವುದಿಲ್ಲ. ಬೆನ್ನುಹತ್ತುವ ಜಾಹೀರಾತುಗಳನ್ನು ತಡೆಯುತ್ತದೆ. ಮುಚ್ಚಿದೊಡನೆ ಕುಕಿಗಳನ್ನು ಅಳಿಸುತ್ತದೆ. 2010ರಲ್ಲಿ ಪ್ರಚಾರದ ಮುಖ್ಯಾಂಶವಾಗಿದ್ದ ದೇಶೀಯ ಅಲಂಕಾರ ಮತ್ತು ಸುದ್ದಿಗಳು ಹಿಂದೆ ಸರಿದವು. ಭಾರತದ ಮಾರುಕಟ್ಟೆಗೆ ಸೀಮಿತವಾಗಿದ್ದ ಸರಕು, ಜಗತ್ತಿನ ಯಾವ ದೇಶದ ಗ್ರಾಹಕರಿಗಾದರೂ ಒಪ್ಪುವ ಸರಕಾಯಿತು.

ಸಣ್ಣ ಉತ್ಪಾದಕರಿಗೆ ಇಲ್ಲಿ ಎರಡು ಪಾಠಗಳಿವೆ. ಉಚಿತ ದೊಡ್ಡ ಬ್ರೌಸರುಗಳ ಎದುರು ಗುಣಗಳ ಸಂಖ್ಯೆಯಿಂದ ಗೆಲ್ಲುವುದು ಕಷ್ಟ. ಅವರು ಮಾಡಲು ಒಪ್ಪದ ಒಂದನ್ನು ಆರಿಸಿಕೊಂಡು ಅದನ್ನು ಚೆನ್ನಾಗಿ ಮಾಡುವುದು ಸಾಧ್ಯ. ಜಾಹೀರಾತಿನಿಂದ ಬದುಕುವ ಸಂಸ್ಥೆಗಳಿಗೆ ಗೋಪ್ಯತೆ ಅಂತಹ ಒಂದು ವಿಷಯ. ಎರಡನೆಯದಾಗಿ, ಪ್ರತಿ ಆಯ್ಕೆಗೂ ಬೆಲೆಯಿದೆ. ಏನನ್ನೂ ನೆನಪಿಡದ ಬ್ರೌಸರಿನಲ್ಲಿ ಪ್ರತಿದಿನ ತಾಣಕ್ಕೆ ಹೊಸದಾಗಿಯೇ ಪ್ರವೇಶಿಸಬೇಕಾಗುತ್ತದೆ.

ಹಳೆಯ ಗ್ರಾಹಕರ ಪಾಡು

ಹೊಸ ಆವೃತ್ತಿಯಲ್ಲಿ ಕೈಬಿಟ್ಟ ಭಾಗವೊಂದು ವ್ಯಾಪಾರಕ್ಕೆ ಹೇಗೆ ತಟ್ಟುತ್ತದೆ ಎಂಬುದಕ್ಕೆ ಡಿಜಿಟಲ್ ಸಹಿಯೇ ಸಾಕ್ಷಿ. ಟೋಕನ್ನಿನಿಂದ ಸಹಿ ಹಾಕಲು ಅನೇಕ ತಾಣಗಳು ಜಾವಾ ಪ್ಲಗಿನ್ನನ್ನು ನೆಚ್ಚಿಕೊಂಡಿದ್ದವು. ಸುರಕ್ಷತೆಯ ಕಾರಣದಿಂದ ಕ್ರೋಮ್ 2015ರ ಸೆಪ್ಟೆಂಬರಿನಲ್ಲಿ, ಫೈರ್‌ಫಾಕ್ಸ್ 2017ರ ಮಾರ್ಚಿನಲ್ಲಿ ಅದಕ್ಕೆ ಅವಕಾಶ ನಿಲ್ಲಿಸಿದವು. ತಾಣಗಳು ಪ್ರತ್ಯೇಕ ಸಹಿ ತಂತ್ರಾಂಶಗಳನ್ನು ಅಳವಡಿಸಿಕೊಳ್ಳಬೇಕಾಯಿತು. 2022ರ ಜೂನ್ 15ರಂದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ನಿವೃತ್ತಿ ಹೊಂದಿತು. ಅದನ್ನೇ ನಂಬಿದ ತಾಣಗಳಿಗಾಗಿ ಎಡ್ಜ್ ಬ್ರೌಸರಿನೊಳಗೆ ಹಳೆಯ ರೀತಿಯೊಂದನ್ನು ಕನಿಷ್ಠ 2029ರವರೆಗೆ ಉಳಿಸುವುದಾಗಿ ಮೈಕ್ರೋಸಾಫ್ಟ್ ತಿಳಿಸಿದೆ.

ಉತ್ತಮ ವಿನ್ಯಾಸಕ್ಕೂ ಕೇವಲ ಹೊಸತನಕ್ಕೂ ಇರುವ ವ್ಯತ್ಯಾಸ ಇದೇ. ಅಪಾಯಕಾರಿಯಾದ ಹಳೆಯ ಭಾಗವನ್ನು ತೆಗೆಯಲೇಬೇಕು. ಆದರೆ ತೆಗೆಯುವ ಮೊದಲು ಅದನ್ನು ನೆಚ್ಚಿಕೊಂಡವರಿಗೆ ಕಾಲಾವಕಾಶವನ್ನೂ ಬದಲಿ ದಾರಿಯನ್ನೂ ಒದಗಿಸಬೇಕು.

ದೇಶೀಯ ಬ್ರೌಸರಿನ ಪ್ರಯತ್ನ

ಇದನ್ನು ಮನಗಂಡ ಕೇಂದ್ರ ಸರ್ಕಾರವು 2023ರ ಆಗಸ್ಟಿನಲ್ಲಿ, ಬೆಂಗಳೂರಿನ ಸಿ-ಡ್ಯಾಕ್ ಸಹಯೋಗದೊಡನೆ, ಭಾರತೀಯ ಬ್ರೌಸರ್ ಅಭಿವೃದ್ಧಿ ಸ್ಪರ್ಧೆಯನ್ನು ಪ್ರಕಟಿಸಿತು. ಬಹುಮಾನ ಮತ್ತು ನೆರವಿನ ಒಟ್ಟು ಮೊತ್ತ 3.41 ಕೋಟಿ ರೂಪಾಯಿ. ಬ್ರೌಸರಿನಲ್ಲಿಯೇ ಡಿಜಿಟಲ್ ಸಹಿ ಹಾಕುವ ಸೌಲಭ್ಯ, ಭಾರತದ ಪ್ರಮಾಣಪತ್ರಗಳಿಗೆ ಮಾನ್ಯತೆ, ಭಾರತೀಯ ಭಾಷೆಗಳ ಬೆಂಬಲ ಇವು ಅಪೇಕ್ಷಿತ ಗುಣಗಳಲ್ಲಿ ಸೇರಿದ್ದವು. 2025ರ ಮಾರ್ಚಿನಲ್ಲಿ ಫಲಿತಾಂಶ ಹೊರಬಿದ್ದು, ಒಂದು ಕೋಟಿ ರೂಪಾಯಿಗಳ ಪ್ರಥಮ ಬಹುಮಾನ ಜೊಹೊ ಸಂಸ್ಥೆಗೆ ಸಂದಿತು. ಸಹಿಯ ಸೌಲಭ್ಯ ಬ್ರೌಸರಿನೊಳಗೇ ನೆಲೆಗೊಂಡರೆ, ಟೆಂಡರು ಹಾಕುವ ಸಣ್ಣ ಗುತ್ತಿಗೆದಾರರ ತೊಡಕು ಬಹಳಷ್ಟು ನೀಗುತ್ತದೆ.

ವರ್ತಕರು ಗಮನಿಸಬೇಕಾದದ್ದು

ಮೊದಲನೆಯದಾಗಿ, ಅಂಗಡಿಯ ಗಣಕಯಂತ್ರದಲ್ಲಿ ಕನಿಷ್ಠ ಎರಡು ಬ್ರೌಸರುಗಳಿರಲಿ. ಸಾಧ್ಯವಾದರೆ ಅವುಗಳ ಒಳಯಂತ್ರ ಬೇರೆ ಬೇರೆಯಾಗಿರಲಿ. ಒಂದರಲ್ಲಿ ತೆರೆಯದ ತಾಣ ಇನ್ನೊಂದರಲ್ಲಿ ತೆರೆಯಬಹುದು.

ಎರಡನೆಯದಾಗಿ, ವಿಂಡೋಸ್ 7 ಇರುವ ಯಂತ್ರಗಳಿಗೆ ಕ್ರೋಮ್ 109 ಕೊನೆಯ ಆವೃತ್ತಿ. 2023ರ ಫೆಬ್ರವರಿಯ 110ನೆಯ ಆವೃತ್ತಿಗೆ ವಿಂಡೋಸ್ 10 ಅಗತ್ಯವಾಯಿತು. ಇಂತಹ ಯಂತ್ರದಲ್ಲಿ ಬ್ಯಾಂಕಿನ ವಹಿವಾಟು ನಡೆಸುವುದು ಕ್ಷೇಮವಲ್ಲ.

ಮೂರನೆಯದಾಗಿ, ಪದೇ ಪದೇ ಬದಲಾವಣೆ ಬೇಡವೆನ್ನುವ ಸಂಸ್ಥೆಗಳಿಗಾಗಿ ಫೈರ್‌ಫಾಕ್ಸ್ 2012ರಿಂದ ದೀರ್ಘಾವಧಿ ಬೆಂಬಲದ ಆವೃತ್ತಿಯನ್ನು ನೀಡುತ್ತಿದೆ. ಸುರಕ್ಷತೆಯ ತಿದ್ದುಪಡಿಗಳು ಅದರಲ್ಲಿ ಬರುತ್ತವೆ. ರೂಪ ಮಾತ್ರ ಆಗಾಗ ಬದಲಾಗುವುದಿಲ್ಲ.

ಕೊನೆಯದಾಗಿ, ವಿವರಪಟ್ಟಿ ಸಲ್ಲಿಸುವ ಅಥವಾ ಟೆಂಡರಿನ ಕಡೆಯ ದಿನದಂದು ಬ್ರೌಸರನ್ನು ನವೀಕರಿಸಬಾರದು. ಬಿಡುವಿನ ದಿನ ನವೀಕರಿಸಿ, ಟೋಕನ್ನು ಸಹಿ ಹಾಕುತ್ತದೆಯೇ ಎಂದು ಪರೀಕ್ಷಿಸಿ ಇಟ್ಟುಕೊಳ್ಳುವುದು ಲೇಸು. ತೊಂದರೆ ಕಂಡುಬಂದರೆ ಸಂಬಂಧಪಟ್ಟ ತಾಣದ ಸಹಾಯವಾಣಿಗೆ ಲಿಖಿತವಾಗಿ ತಿಳಿಸಬೇಕು. ರಾಂಪುರದ ವರ್ತಕರಿಗೆ ಆಗುವ ಅಡಚಣೆ ರೂಪಿಸುವವರ ಕಿವಿಗೆ ಬಿದ್ದಾಗಲೇ ಮುಂದಿನ ಆವೃತ್ತಿಯಲ್ಲಿ ಅದಕ್ಕೆ ಪರಿಹಾರ ದೊರೆಯಲು ಸಾಧ್ಯ.