ಮೊಬೈಲ್ ಮೂಲಕ ಮನೆಯ ಮಾಲಿಗೆ ಮಾರುಕಟ್ಟೆ

ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆಗೂ ವಿದ್ಯಾನಗರಕ್ಕೂ ಇರುವ ಅಂತರ ಕೆಲವೇ ಕಿಲೋಮೀಟರು. ಕುಂದಗೋಳ, ನವಲಗುಂದ, ಹುಬ್ಬಳ್ಳಿ ತಾಲೂಕುಗಳ ರೈತರು ತಮ್ಮ ಮಾಲನ್ನು ಅಮರಗೋಳಕ್ಕೆ ತಂದು, ಅಡತಿ ಅಂಗಡಿಯ ಮುಂದೆ ಸುರಿದು, ಅಂದಿನ ದರಕ್ಕೆ ಕೊಟ್ಟು ಹೋಗುತ್ತಾರೆ. ವಿದ್ಯಾನಗರದ ಗೃಹಿಣಿಯರು ಅಂಥದೇ ಮಾಲನ್ನು ಅಂಗಡಿಯ ಬಣ್ಣದ ಪೊಟ್ಟಣಗಳಲ್ಲಿ ಕೊಳ್ಳುತ್ತಾರೆ. ಈ ಅಲ್ಪ ದೂರದಲ್ಲಿ ಬೆಲೆ ಎಷ್ಟು ಏರುತ್ತದೆಂಬುದು ರೈತ ಬಾಂಧವರಿಗೆ ಹೊಸ ಸಂಗತಿಯೇನಲ್ಲ. ಆದರೆ ಯಾವ ಮನೆಯವರಿಗೆ ಏನು ಬೇಕು, ಅವರನ್ನು ಕಂಡು ಮಾತಾಡುವುದು ಹೇಗೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಈಗ ಬಹುತೇಕ ಮನೆಗಳಲ್ಲಿರುವ ಮೊಬೈಲ್ ಫೋನು ಈ ತೊಡಕನ್ನು ತಕ್ಕಮಟ್ಟಿಗೆ ಬಿಡಿಸಿದೆ. ಅದನ್ನು ಉಪಯೋಗಿಸುವ ಬಗೆಯನ್ನು ಮಾತ್ರ ಕಲಿಯಬೇಕಾಗುತ್ತದೆ.

ಬೆಳೆ ವಿಜ್ಞಾನಿಯಾದ ನಾನು ವ್ಯಾಪಾರದ ವಿಷಯವಾಗಿ ಬರೆಯುವುದಕ್ಕೆ ಕಾರಣವಿದೆ. ನಾವು ವಾಸಿಸುವ ವಿದ್ಯಾನಗರದ ಓಣಿಯವರದೊಂದು ವಾಟ್ಸಾಪ್ ಗುಂಪು ಇದೆ. ನೀರು ಬಿಡುವ ದಿನ, ವಿದ್ಯುತ್ ಹೋಗುವ ಸಮಯ ಇಂಥ ಸುದ್ದಿಗಳೇ ಅದರಲ್ಲಿ ಹೆಚ್ಚು. ಕೆಲವು ವರ್ಷಗಳ ಹಿಂದೆ ಕುಂದಗೋಳ ತಾಲೂಕಿನ ಒಂದು ರೈತ ಕುಟುಂಬದ ಸೊಸೆ, ಪರಿಚಯದವರೊಬ್ಬರ ಮೂಲಕ ಆ ಗುಂಪಿನಲ್ಲಿ ಸೇರಿ ತಮ್ಮ ಮಾಲಿನ ಚಿತ್ರಗಳನ್ನು ಹಾಕಿದಳು. ಒಟ್ಟು 14 ಚಿತ್ರಗಳು! ಗುಲಾಬಿ ಹೂವು, ಶುಭೋದಯ, ನಡುವೆ ಮೆಣಸಿನಕಾಯಿಯ ರಾಶಿ, ಒಂದು ಚೀಲ. ದರವಿಲ್ಲ, ತೂಕವಿಲ್ಲ, ಯಾವಾಗ ತಂದುಕೊಡುವರೆಂಬುದೂ ಇಲ್ಲ. ಒಬ್ಬರೂ ಕೊಳ್ಳಲಿಲ್ಲ. ಪಿ.ಯು.ಸಿ. ಓದಿದ ಆ ಹೆಣ್ಣುಮಗಳು, ಮುಂದೆ ಕ್ಷೇತ್ರ ಭೇಟಿಗೆ ಹೋದಾಗ ಸಿಕ್ಕು, “ಸರ, ಜಾಹೀರಾತು ಹಾಕಿದ್ರೂ ಮಂದಿ ತಗೊಳ್ಳಲಿಲ್ರೀ” ಎಂದಳು. ಆಗಿನಿಂದ ಅವಳ ವ್ಯಾಪಾರವನ್ನು ನಾನು ಹತ್ತಿರದಿಂದ ನೋಡುತ್ತ ಬಂದಿದ್ದೇನೆ.

ಬಾಳೆಕಾಯಿ ಹುಡಿಯ ಉದಾಹರಣೆ

ಸಾಮಾಜಿಕ ಜಾಲತಾಣದಿಂದ ಗ್ರಾಮೀಣ ಉತ್ಪನ್ನವೊಂದಕ್ಕೆ ಬೇಡಿಕೆ ಹುಟ್ಟಿದ ಒಳ್ಳೆಯ ಉದಾಹರಣೆ ನಮ್ಮ ನೆರೆಯ ಉತ್ತರ ಕನ್ನಡದಲ್ಲಿಯೇ ಇದೆ. 2021ರಲ್ಲಿ, ಕೊರೋನಾ ಹಾವಳಿಯ ಕಾಲದಲ್ಲಿ, ಬಾಳೆಗೆ ದರ ಕುಸಿದಿತ್ತು. ಪುತ್ತೂರಿನ ‘ಅಡಿಕೆ ಪತ್ರಿಕೆ’ ಹಾಗೂ ಅದರ ಸಂಪಾದಕ ಶ್ರೀಪಡ್ರೆಯವರು ಬಲಿತ ಬಾಳೆಕಾಯಿಯನ್ನು ಒಣಗಿಸಿ ಹುಡಿ ಮಾಡುವ ವಿಧಾನವನ್ನು ಪ್ರಚುರಪಡಿಸಿದರು. ಬಾಳೆಕಾಯಿ ಹುಡಿ ಎಂಬುದಕ್ಕೆ ‘ಬಾಕಾಹು’ ಎಂಬ ಚಿಕ್ಕ ಹೆಸರು ಬಿತ್ತು. ಮಾಡುವ ವಿಧಾನ ಸರಳವಾದುದು. ಸಿಪ್ಪೆ ತೆಗೆದು, ತೆಳುವಾಗಿ ಹೆಚ್ಚಿ, ಗರಿಗರಿಯಾಗುವಂತೆ ಒಣಗಿಸಿ ಬೀಸಬೇಕು. ನಾಲ್ಕರಿಂದ ಐದು ಕಿಲೋ ಕಾಯಿಗೆ ಸುಮಾರು ಒಂದು ಕಿಲೋ ಹುಡಿ ಸಿಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳ ಮಹಿಳೆಯರು ಕೇವಲ ಹುಡಿಯ ಪೊಟ್ಟಣದ ಚಿತ್ರ ಹಾಕಿ ಸುಮ್ಮನಾಗಲಿಲ್ಲ. ಆ ಹುಡಿಯಿಂದ ದೋಸೆ, ಗುಲಾಬ್ ಜಾಮೂನು ಮಾಡಿ, ಅವುಗಳ ಚಿತ್ರಗಳನ್ನು ಹಂಚಿದರು. 2021ರ ಜುಲೈ 25ರ ‘ಮನ್ ಕಿ ಬಾತ್’ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಗಳು ಇದನ್ನೇ ಎತ್ತಿ ಹೇಳಿದರು. ಬಾಳೆಕಾಯಿ ಹುಡಿ ಎಂದರೇನೆಂದು ತಿಳಿಯದ ಗೃಹಿಣಿಗೆ ಬಿಳಿಯ ಪುಡಿಯ ಚೀಲ ತೋರಿಸಿದರೆ ಪ್ರಯೋಜನವಿಲ್ಲ, ದೋಸೆ ತೋರಿಸಿದರೆ ಉಂಟು.

ನಮ್ಮ ಭಾಗದ ಸಾವೆ, ನವಣೆಗಳ ಸ್ಥಿತಿಯೂ ಪೇಟೆಯಲ್ಲಿ ಹೀಗೆಯೇ ಇದೆ. ಹೆಸರು ಎಲ್ಲರಿಗೂ ಗೊತ್ತು; ಎಷ್ಟು ನೀರು ಹಾಕಿ ಬೇಯಿಸಬೇಕೆಂದು ಕೇಳಿದರೆ ಹೊಸ ತಲೆಮಾರಿನ ಮನೆಗಳಲ್ಲಿ ಉತ್ತರವಿಲ್ಲ. ಆ ಸೊಸೆ ತನ್ನ ಅತ್ತೆ ಸಾವೆ ಅಕ್ಕಿಯ ಬಾನ ಮಾಡುವುದನ್ನು ಒಂದು ನಿಮಿಷದ ವಿಡಿಯೋ ಮಾಡಿ ಕಳಿಸಿದಳು. ಚಿತ್ರೀಕರಣ ಸುಮಾರಾಗಿತ್ತು, ಹಿಂದೆ ಆಕಳು ಕೂಗುವುದು ಕೇಳಿಸುತ್ತಿತ್ತು. ಆದರೂ ಮೊದಲ ಬೇಡಿಕೆ ಬಂದುದು ಆ ವಿಡಿಯೋದಿಂದಲೇ. 1972ರಲ್ಲಿ ಧಾರವಾಡದ ಹತ್ತಿ ಸಂಶೋಧನಾ ಕ್ಷೇತ್ರದಿಂದ ಡಾ. ಬಿ. ಎಚ್. ಕತರಕಿಯವರ ವರಲಕ್ಷ್ಮೀ ಹತ್ತಿ ಹೊರಬಂದ ಸಂಗತಿ ಹಿರಿಯ ರೈತರಿಗೆ ನೆನಪಿರಬಹುದು. ಪಕ್ಕದ ಹೊಲದಲ್ಲಿ ಕಣ್ಣಾರೆ ಕಂಡದ್ದನ್ನು ರೈತ ನಂಬುವಂತೆ, ಗಿರಾಕಿಯೂ ಕಂಡದ್ದನ್ನೇ ನಂಬುತ್ತಾನೆ.

ಬೆಣ್ಣೆ, ಖಾರಪುಡಿ, ಶೇಂಗಾ ಚಟ್ನಿಗಳಂಥ ಪರಿಚಿತ ಪದಾರ್ಥಗಳಿಗೆ ಅಡಿಗೆಯ ವಿಡಿಯೋ ಬೇಕಿಲ್ಲ. ಅವುಗಳಲ್ಲಿ ಗಿರಾಕಿಗೆ ಬೇಕಾದುದು ಎಂದು ತಯಾರಿಸಿದ್ದು, ಯಾವುದರಿಂದ ತಯಾರಿಸಿದ್ದು ಎಂಬ ವಿವರ.

ಸಂದೇಶ ಹೇಗಿರಬೇಕು?

ಈಗ ಅವಳು ಕಳಿಸುವ ಒಂದು ಸಂದೇಶವನ್ನು ಇದ್ದಂತೆಯೇ ಕೊಡುತ್ತೇನೆ: “ಸಾವೆ ಅಕ್ಕಿ, ಪಾಲಿಶ್ ಮಾಡದ್ದು. ನಮ್ಮ ಹೊಲದ ಬೆಳೆ. ಗಿರಣಿ ಮಾಡಿಸಿದ್ದು ಇದೇ ಸೋಮವಾರ. ಒಂದು ಕಿಲೋ ಚೀಲಕ್ಕೆ 120 ರೂ. ಒಟ್ಟು 30 ಕಿಲೋ ಇದೆ. ಬುಧವಾರ ಸಂಜೆಯೊಳಗೆ ಹೇಳಿದವರಿಗೆ ಶುಕ್ರವಾರ ಮುಂಜಾನೆ ಮನೆಗೆ ತಂದು ಕೊಡುತ್ತೇವೆ.” ಇದರೊಂದಿಗೆ ಒಂದೇ ಚಿತ್ರ. ಮುಂಜಾನೆಯ ಬೆಳಕಿನಲ್ಲಿ, ಬಿಳಿಯ ಬಟ್ಟೆಯ ಮೇಲೆ ಅಕ್ಕಿ ಹರಡಿ, ಕಾಳಿನ ಗಾತ್ರ ತಿಳಿಯುವಂತೆ ಪಕ್ಕದಲ್ಲಿ ಒಂದು ಚಮಚ ಇಟ್ಟು ತೆಗೆದದ್ದು. ಹೋದ ವರ್ಷದ ಮಾಲಿನ ಚಿತ್ರವನ್ನಾಗಲಿ, ಬೇರೆಯವರ ಚಿತ್ರವನ್ನಾಗಲಿ ಹಾಕಕೂಡದು.

ಗಿರಣಿ ಮಾಡಿಸಿದ ದಿನವನ್ನು ಬರೆಯುವುದು ಕೇವಲ ಶೋಭೆಗಾಗಿ ಅಲ್ಲ. ಪಾಲಿಶ್ ಮಾಡದ ಸಾವೆ ಅಕ್ಕಿಯಲ್ಲಿ ತವುಡಿನ ಅಂಶ, ಅದರೊಂದಿಗೆ ಎಣ್ಣೆಯ ಅಂಶ ಉಳಿದಿರುತ್ತದೆ. ಸಿಪ್ಪೆ ತೆಗೆದ ಮೇಲೆ ದಿನ ಕಳೆದಂತೆ ಅದು ಕಮಟು ವಾಸನೆ ಹಿಡಿಯುತ್ತದೆ. ಆದ್ದರಿಂದ ಸಿಪ್ಪೆಯೊಡನಿರುವ ಸಾವೆಯನ್ನೇ ದಾಸ್ತಾನು ಮಾಡಿ, ಬೇಡಿಕೆ ಬಂದಷ್ಟನ್ನು ಆಗಾಗ ಗಿರಣಿ ಮಾಡಿಸುವುದು ಉತ್ತಮ.

“ಒಟ್ಟು 30 ಕಿಲೋ ಇದೆ” ಎಂಬ ಮಾತೂ ಮಹತ್ವದ್ದು. ಇಲ್ಲದ ಮಾಲಿಗೆ ಒಪ್ಪಿಕೊಂಡು, ಕೊರತೆ ಬಿದ್ದಾಗ ಪೇಟೆಯಿಂದ ತಂದು ಬೆರೆಸಿ ಕೊಟ್ಟವರು ಗಿರಾಕಿಗಳನ್ನು ಕಳೆದುಕೊಂಡಿದ್ದಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಬೇರೆ ತಳಿಯ ಕಾಯಿಗೆ ಆ ಹೆಸರು ಹಾಕಿ ಮಾರುವುದು ಮೋಸವೇ ಸರಿ. ಅದರಂತೆ, ಪ್ರಮಾಣಪತ್ರವಿಲ್ಲದೆ ‘ಸಾವಯವ’ ಎಂದು ಬರೆಯುವ ಬದಲು, ಹೊಲಕ್ಕೆ ಏನು ಹಾಕಿದ್ದೀರಿ, ಏನು ಸಿಂಪಡಿಸಿದ್ದೀರಿ, ಏನು ಸಿಂಪಡಿಸಿಲ್ಲ ಎಂಬುದನ್ನು ಇದ್ದಕ್ಕಿದ್ದಂತೆ ಬರೆಯಿರಿ. ನನ್ನ ಅನುಭವದಲ್ಲಿ ಓದಿದ ಗಿರಾಕಿಗಳು ಈ ವಿವರವನ್ನೇ ಹೆಚ್ಚು ನಂಬುತ್ತಾರೆ.

ವಾರಕ್ಕೊಂದೇ ದಿನ

ಆರಂಭದಲ್ಲಿ ಅವಳ ಯಜಮಾನ ಯಾರು ಕೇಳಿದರೂ ಅಂದೇ ಮೋಟಾರ್ ಸೈಕಲ್ ಹತ್ತಿ ಹೊರಡುತ್ತಿದ್ದ. ಲೆಕ್ಕ ಮಾಡಿ ನೋಡೋಣ. ಸಾವೆಗೆ ಕ್ವಿಂಟಲಿಗೆ 4,000 ರೂ. ಹಿಡಿಯೋಣ. ಒಂದು ಕ್ವಿಂಟಲಿಗೆ ಸುಮಾರು 60 ಕಿಲೋ ಅಕ್ಕಿ ಬಂದರೆ, ಕಿಲೋ ಅಕ್ಕಿಗೆ ಸಾವೆಯ ಬೆಲೆಯೇ 67 ರೂ. ಆಯಿತು. ಗಿರಣಿಗೆ 8 ರೂ., ಚೀಲ ಮತ್ತು ಚೀಟಿಗೆ 5 ರೂ. ಸೇರಿಸಿದರೆ 80 ರೂ. ಹೋಗಿಬರುವ ಪೆಟ್ರೋಲಿಗೆ 150 ರೂ. ಖರ್ಚಾಗುತ್ತದೆ ಎನ್ನೋಣ. ಒಮ್ಮೆಗೆ 10 ಕಿಲೋ ಒಯ್ದರೆ ಕಿಲೋಗೆ 15 ರೂ., 30 ಕಿಲೋ ಒಯ್ದರೆ 5 ರೂ. ಬೀಳುತ್ತದೆ. 120 ರೂ. ದರದಲ್ಲಿ 10 ಕಿಲೋ ಮಾರಿದ ದಿನ ಕೈಯಲ್ಲಿ ಉಳಿಯುವುದು 250 ರೂ.; ಅರ್ಧ ದಿನದ ಕೂಲಿಗೂ ಸಾಲದು. 30 ಕಿಲೋ ಮಾರಿದರೆ 1,050 ರೂ. ಉಳಿಯುತ್ತದೆ. ಆರಿಸಿ, ಕೇರಿ, ತೂಗಿದ ಅತ್ತೆ-ಸೊಸೆಯರ ದುಡಿಮೆ ಇದರಲ್ಲಿಯೇ ಬರಬೇಕು. ಮನೆಯವರ ಕೆಲಸಕ್ಕೆ ಬೆಲೆ ಹಿಡಿಯದೆ ಲಾಭವೆಂದು ಹೇಳಿಕೊಳ್ಳುವವರೇ ಹೆಚ್ಚು.

ಆದ್ದರಿಂದ ಸಂತೆಯಂತೆ ವಾರಕ್ಕೊಂದು ದಿನವನ್ನು ಗೊತ್ತುಪಡಿಸಲು ಹೇಳಿದೆ. ಅವರು ಶುಕ್ರವಾರವನ್ನು ಆರಿಸಿಕೊಂಡರು. ಈಗ ಬುಧವಾರ ಬಂತೆಂದರೆ ನಮ್ಮ ಓಣಿಯವರು ತಾವಾಗಿಯೇ ನೆನೆಸಿಕೊಂಡು ಹೇಳುತ್ತಾರೆ.

ಓಣಿಯ ಗುಂಪಿನಲ್ಲಿ ದಿನವೂ ಮಾಲಿನ ಚಿತ್ರ ಹಾಕಿದ್ದಕ್ಕೆ ಗುಂಪಿನ ಮುಖ್ಯಸ್ಥರು ಒಮ್ಮೆ ಆಕ್ಷೇಪಿಸಿದರು. ಅದೂ ಸರಿಯೇ, ಬೇರೆಯವರ ಅಂಗಳದಲ್ಲಿ ದಿನಾ ಅಂಗಡಿ ಹೂಡಬಾರದು. ಇದಕ್ಕೆ ವಾಟ್ಸಾಪಿನಲ್ಲಿ ‘ಬ್ರಾಡ್‌ಕಾಸ್ಟ್ ಪಟ್ಟಿ’ ಎಂಬ ಸೌಲಭ್ಯವಿದೆ. ಒಂದು ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು. ಸಂದೇಶ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಹೋಗುತ್ತದೆ, ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಮೊದಲ ಸಲ ಮಾಲು ಕೊಡುವಾಗಲೇ, “ಬಾಯಾರ, ನಮ್ಮ ನಂಬರ್ ಹೆಸರಿನ ಸಮೇತ ಇಟ್ಕೋರಿ” ಎಂದು ಕೇಳಿಕೊಳ್ಳಬೇಕು. ವ್ಯಾಪಾರಕ್ಕೆಂದೇ ಇರುವ ವಾಟ್ಸಾಪ್ ಬಿಸಿನೆಸ್ 2018ರಿಂದ ಬಳಕೆಯಲ್ಲಿದೆ. ಅದರಲ್ಲಿ ಮಾಲಿನ ಪಟ್ಟಿ, ದರ, ಚಿತ್ರಗಳನ್ನು ಕಾಯಂ ಆಗಿ ಇಡಬಹುದು.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್‌ಗಳು ದೂರದ ಊರುಗಳ ಗಿರಾಕಿಗಳಿಗೆ ಉಪಯುಕ್ತ. ಖಾರಪುಡಿ, ಚಟ್ನಿ ಪುಡಿಗಳನ್ನು ಅಂಚೆಯಿಂದಲೂ ಕಳಿಸಬಹುದು. ಆದರೆ ಸಾವಿರಾರು ಜನ ನೋಡಿದ ಮಾತ್ರಕ್ಕೆ ಹತ್ತು ಕಿಲೋ ಖರ್ಚಾಗುತ್ತದೆಂದು ತಿಳಿಯುವುದು ಭ್ರಮೆ. ಇನ್ನೊಂದು ಮಾತು. ಟಿಕ್‌ಟಾಕ್ ಎಂಬ ಜಾಲತಾಣವನ್ನು 2020ರ ಜೂನ್ 29ರಂದು ಕೇಂದ್ರ ಸರಕಾರ ನಿಷೇಧಿಸಿದಾಗ, ಅದರಲ್ಲಿ ಲಕ್ಷಗಟ್ಟಲೆ ಅಭಿಮಾನಿಗಳನ್ನು ಗಳಿಸಿದ್ದವರು ಒಮ್ಮೆಲೆ ಎಲ್ಲವನ್ನೂ ಕಳೆದುಕೊಂಡರು. ಗಿರಾಕಿಗಳ ಹೆಸರು, ನಂಬರು, ಮನೆಯ ಗುರುತುಗಳನ್ನು ಒಂದು ಕಾಗದದ ವಹಿಯಲ್ಲಿ ಬರೆದಿಡುವುದು ಅವಶ್ಯ.

ಗಂಟು ಕಟ್ಟಿದ ಖಾರಪುಡಿ

ಒಂದು ವರ್ಷ ಆಗಸ್ಟ್ ತಿಂಗಳಲ್ಲಿ ತೊಂದರೆಯೊಂದು ಬಂದಿತು. ಪದೇ ಪದೇ ಗಿರಣಿಗೆ ಅಲೆಯುವ ಖರ್ಚು ಉಳಿಯಲೆಂದು, ಎರಡು ತಿಂಗಳಿಗೆ ಸಾಕಾಗುವಷ್ಟು ಮೆಣಸಿನಕಾಯಿಯನ್ನು ಒಮ್ಮೆಲೆ ಪುಡಿ ಮಾಡಿಸಲು ಹೇಳಿದವನು ನಾನೇ. ಜಿಟಿಜಿಟಿ ಮಳೆಯ ದಿನಗಳು. ಕಾಯಿ ಗಾಳಿಯ ತೇವವನ್ನು ಹೀರಿಕೊಂಡಿತ್ತು. ಗಿರಣಿಯಿಂದ ಬಿಸಿಬಿಸಿಯಾಗಿ ಬಂದ ಪುಡಿಯನ್ನು ಆರಲು ಬಿಡದೆ ಅಂದೇ ಚೀಲಗಳಲ್ಲಿ ತುಂಬಿ ಬಾಯಿ ಮುಚ್ಚಿದ್ದರು. ಒಳಗೆ ಬೆವರಿತು. ಎರಡು ವಾರಗಳಲ್ಲಿ ಓಣಿಯ ಹಿರಿಯ ಗೃಹಿಣಿಯೊಬ್ಬರು ಎಲ್ಲರೂ ಓದುವ ಗುಂಪಿನಲ್ಲಿಯೇ ಬರೆದರು: “ನೋಡವಾ, ಈ ಸಲದ ಖಾರಪುಡಿ ಗಂಟು ಗಂಟು ಆಗೇದ. ವಾಸನಿನೂ ಬ್ಯಾರೆ ಬರಲಿಕ್ಕತ್ತದ.”

ನಾನು ಓದಿ ತಳಮಳಗೊಂಡೆ. ಗಿರಾಕಿಗಳ ಬಾಯಿಮಾತಿನಿಂದ ಕಟ್ಟಿದ ವ್ಯಾಪಾರ ಒಂದು ಸಂಜೆಯಲ್ಲಿ ಕುಸಿಯಬಹುದಾಗಿತ್ತು. ಅವಳು ಆ ಸಂದೇಶವನ್ನು ಅಳಿಸಲು ಕೇಳಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಅರ್ಧ ತಾಸಿನೊಳಗೆ ಉತ್ತರಿಸಿದಳು: “ಬಾಯಾರ, ತಪ್ಪು ನಮ್ದ ಐತ್ರಿ. ಮಳಿಯಾಗ ಪುಡಿ ಮಾಡ್ಸಿ ಬಿಸಿ ಇದ್ದಾಗನ ತುಂಬಿದ್ವಿ. ಶುಕ್ರವಾರ ಎಲ್ಲಾರ ಮನಿಯಿಂದ ಆ ಚೀಲ ವಾಪಸ್ ಒಯ್ತೇವ್ರಿ. ರೊಕ್ಕ ಬೇಕಂದ್ರ ರೊಕ್ಕ, ಹೊಸಾದು ಬೇಕಂದ್ರ ಹೊಸಾದು.” ಆ ಕಂತಿನ ಹನ್ನೊಂದು ಚೀಲಗಳೂ ವಾಪಸಾದವು, ಮನೆಯಲ್ಲಿದ್ದುದನ್ನು ಚೆಲ್ಲಿದರು. ಇಬ್ಬರು ಹಣ ಕೇಳಿದರು, ಉಳಿದವರು ಹೊಸ ಪುಡಿಗೆ ಕಾದರು. ದೂರು ಬರೆದ ಗೃಹಿಣಿ ಈಗಲೂ ಅವಳಿಂದಲೇ ಕೊಳ್ಳುತ್ತಾರೆ.

ಮೆಣಸಿನಕಾಯಿಯನ್ನು ಸ್ವಚ್ಛ ತಾಡಪತ್ರಿಯ ಮೇಲೆ ಒಣಗಿಸಿ, ತೇವಾಂಶ ಶೇ. 10ಕ್ಕೆ ಇಳಿದ ಮೇಲೆ ಗಾಳಿಯಾಡದಂತೆ ಕೂಡಿಡಬೇಕು. ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ ಪುಡಿ ಮಾಡಿಸಿ, ಪೂರ್ತಿ ಆರಿದ ನಂತರ ತುಂಬಬೇಕು. ತೂಕ ಬರಲೆಂದು ಕಾಯಿಗೆ ನೀರು ಚಿಮುಕಿಸುವ ಕೆಟ್ಟ ರೂಢಿಯನ್ನಂತೂ ಬಿಡಲೇಬೇಕು.

ಹಣ ಮತ್ತು ಕಾಯದೆ

ರೈತ ತನ್ನ ಬೆಳೆಯನ್ನು ಇದ್ದಂತೆಯೇ ಮಾರುವುದು ಬೇರೆ. ಪುಡಿ, ಚಟ್ನಿ, ರೊಟ್ಟಿ ಮಾಡಿ ಮಾರುವುದು ಬೇರೆ. ಎರಡನೆಯದಕ್ಕೆ 2006ರ ಆಹಾರ ಸುರಕ್ಷತಾ ಕಾಯದೆಯ ಮೇರೆಗೆ ನೋಂದಣಿ ಮಾಡಿಸಿ, 14 ಅಂಕಿಗಳ ಸಂಖ್ಯೆಯನ್ನು ಚೀಟಿಯ ಮೇಲೆ ಮುದ್ರಿಸಬೇಕು. ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಸಿದ ದಿನ, ಬೆಲೆಗಳೂ ಇರಬೇಕು.

ಫೋನಿನಲ್ಲಿ ಹಣ ಪಡೆಯುವವರು ಒಂದು ಮೋಸದ ಬಗ್ಗೆ ಎಚ್ಚರದಿಂದಿರಬೇಕು. ಅಪರಿಚಿತನೊಬ್ಬ ತಾನು ಸೈನ್ಯದ ಅಧಿಕಾರಿಯೆಂದು ಹೇಳಿ, ಚೌಕಾಶಿ ಮಾಡದೆ 50 ಕಿಲೋ ಮಾಲಿಗೆ ಒಪ್ಪುತ್ತಾನೆ. ಮುಂಗಡ ಕಳಿಸುವೆನೆಂದು ಒಂದು ಕ್ಯೂಆರ್ ಚೌಕವನ್ನು ಕಳಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಲು ಹೇಳುತ್ತಾನೆ. ಒತ್ತಿದರೆ ನಿಮ್ಮ ಖಾತೆಯ ಹಣವೇ ಅವನಿಗೆ ಹೋಗುತ್ತದೆ. ಹಣ ಬರಬೇಕಾದಾಗ ಪಿನ್ ಒತ್ತುವ ಪ್ರಸಂಗವೇ ಇರುವುದಿಲ್ಲ. ಒಂದು ವೇಳೆ ಮೋಸ ಹೋದರೆ ತಡಮಾಡದೆ 1930 ನಂಬರಿಗೆ ಫೋನ್ ಮಾಡಿ ದೂರು ಕೊಡಬೇಕು.

ಹೊಸ ಮೆಣಸಿನಕಾಯಿ ಒಣಗುವ ಮುಂಚೆಯೇ ಹತ್ತಿಪ್ಪತ್ತು ಮನೆಗಳ ನಂಬರುಗಳನ್ನು ಕೂಡಿಸಿಕೊಂಡು ಆರಂಭಿಸಲು ಅಡ್ಡಿಯಿಲ್ಲ. ಒಣಗಿಸುವಿಕೆ ಮತ್ತು ದಾಸ್ತಾನಿನ ಬಗ್ಗೆ ಸೈದಾಪೂರದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ, ಸಿರಿಧಾನ್ಯಗಳ ಪದಾರ್ಥಗಳ ಬಗ್ಗೆ ಧಾರವಾಡದ ಸಮುದಾಯ ವಿಜ್ಞಾನ ಮಹಾವಿದ್ಯಾಲಯದಲ್ಲಿಯೂ ವಿಚಾರಿಸಬಹುದು. ಬರುವಾಗ ನಿಮ್ಮ ಮಾಲಿನ ಅರ್ಧ ಕಿಲೋ ಮಾದರಿಯನ್ನು ಜೊತೆಗೆ ತರುವುದು.